ಸೇಲ್ಸ್‌ಫೋರ್ಸ್: ಪಟ್ಟಿಯಲ್ಲಿ ಟಾಸ್ಕ್ ಹೆಸರು ತಿದ್ದಿದರೂ ಹಳೆಯ ಟಾಸ್ಕ್‌ಗಳಲ್ಲಿ ಹಳೆಯ ಹೆಸರೇ ಇದೆ. ಸರಿಪಡಿಸೋದು ಹೇಗೆ?

ಹೊಸಅಡ್ಮಿನ್_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಗ್ರಾಹಕರ, ಮಾರಾಟದ ದಾಖಲೆ ಇಡುವ ಸೇಲ್ಸ್‌ಫೋರ್ಸ್ ತಂತ್ರಾಂಶ ಬಳಸುತ್ತಿದ್ದೇವೆ: ಎಂಟರ್‌ಪ್ರೈಸ್ ಎಡಿಷನ್, ಲೈಟ್ನಿಂಗ್ (ಅದರ ಹೊಸ ಪರದೆ), 45 ಬಳಕೆದಾರರು. ಬಹುಪಾಲು ಊರೂರು ತಿರುಗುವ ಮಾರಾಟದವರು, ಫೋನಿನಲ್ಲೇ ಎಲ್ಲ ತುಂಬುತ್ತಾರೆ. ಟಾಸ್ಕ್‌ನ (ಮಾಡಬೇಕಾದ ಕೆಲಸದ ದಾಖಲೆ) ಸಬ್ಜೆಕ್ಟ್‌ನಲ್ಲಿ, ಅಂದರೆ ಹೆಸರಿನ ಜಾಗದಲ್ಲಿ, ಒಬ್ಬೊಬ್ಬರದು ಒಂದೊಂದು ಥರ: ‘ಕಾಲ್’, ‘ಫೋನ್’, ‘ಫಾಲೋಅಪ್’, ‘ಫಾಲೋ ಅಪ್ ಕಾಲ್’, ಕೆಲವರದು ಕನ್ನಡದಲ್ಲಿ ‘ಕರೆ ಮಾಡಬೇಕು’. ವಾರದ ವರದಿಯಲ್ಲಿ ಎಷ್ಟು ಕರೆ, ಎಷ್ಟು ಭೇಟಿ ಅಂತ ಲೆಕ್ಕ ಸಿಗುತ್ತಿಲ್ಲ.

ಮೂರು ಪ್ರಶ್ನೆ. ಒಂದು, ಸೆಟಪ್‌ನಲ್ಲಿ ‘ಕಾಲ್’ ಅನ್ನೋದನ್ನು ‘ಫಾಲೋಅಪ್ ಕಾಲ್’ ಅಂತ ತಿದ್ದಿದೆ. ಹೊಸ ಟಾಸ್ಕ್‌ಗೆ ಬರುತ್ತಿದೆ, ಆದರೆ ಹಳೆಯ ಸುಮಾರು 6,000 ಟಾಸ್ಕ್‌ಗಳಲ್ಲಿ ‘ಕಾಲ್’ ಹಾಗೇ ಇದೆ. ಎರಡು, ಪಟ್ಟಿಯಲ್ಲಿ ಇಲ್ಲದ್ದನ್ನು ಟೈಪ್ ಮಾಡದ ಹಾಗೆ ತಡೆಯಬಹುದಾ? ಮೂರು, ಡೇಟಾ ಲೋಡರ್‌ನಿಂದ (ತುಂಬಾ ದಾಖಲೆಗಳನ್ನು ಒಟ್ಟಿಗೆ ತಿದ್ದುವ ಸಾಧನ) ಹತ್ತು ಟಾಸ್ಕ್ ತಿದ್ದಿ ನೋಡಿದಾಗ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು. ಯಾಕೆ?

---

ಸಿಎಸ್‌ವಿ_ಕೈಪಿಡಿ

ಮೊದಲನೆಯದು. ಹಳೆಯವು ತಾವಾಗಿ ಬದಲಾಗುವುದಿಲ್ಲ. ಸಬ್ಜೆಕ್ಟ್ ನೋಡಲು ಪಿಕ್‌ಲಿಸ್ಟ್ (ಆರಿಸಲು ಮಾತ್ರ ಬರುವ ಪಟ್ಟಿ) ಥರ ಇದ್ದರೂ ಅದು ಕಾಂಬೊಬಾಕ್ಸ್: 255 ಅಕ್ಷರ ಹಿಡಿಯುವ ಪಠ್ಯದ ಪೆಟ್ಟಿಗೆ, ಅದಕ್ಕೊಂದು ಸಲಹೆಯ ಪಟ್ಟಿ. ಪಟ್ಟಿಯಿಂದ ಒಂದನ್ನು ಆರಿಸಿ ಸೇವ್ ಒತ್ತಿದ ಕೂಡಲೇ ಆ ಪದ ಟಾಸ್ಕ್‌ನೊಳಗೆ ಬರಿಯ ಪಠ್ಯವಾಗಿ ಕೂರುತ್ತದೆ. ಆಮೇಲೆ ಪಟ್ಟಿಗೂ ಆ ಟಾಸ್ಕ್‌ಗೂ ನಂಟು ಇರುವುದಿಲ್ಲ. ಕಸ್ಟಮ್ ಪಿಕ್‌ಲಿಸ್ಟ್ ಬೇರೆ ಥರ. ಅಲ್ಲಿ ದಾಖಲೆಯೊಳಗೆ ಇರುವುದು ಎಪಿಐ ಹೆಸರು (ಒಳಗಿನ ಹೆಸರು), ಹಾಗಾಗಿ ಲೇಬಲ್ (ಪರದೆಯಲ್ಲಿ ಕಾಣುವ ಹೆಸರು) ತಿದ್ದಿದರೆ ಹಳೆಯ ದಾಖಲೆಯಲ್ಲೂ ಹೊಸ ಲೇಬಲ್ ಕಾಣುತ್ತದೆ. ಈ ಎರಡನ್ನೂ ಒಂದೇ ಅಂದುಕೊಂಡರೆ ನಿಮಗಾದ ಹಾಗೇ ಆಗುತ್ತದೆ.

ನೀವು ತಿದ್ದಿದ ಜಾಗ ಸರಿಯಾಗೇ ಇದೆ: ಸೆಟಪ್, ಆಬ್ಜೆಕ್ಟ್ ಮ್ಯಾನೇಜರ್, ಟಾಸ್ಕ್, ಫೀಲ್ಡ್ಸ್ ಅಂಡ್ ರಿಲೇಶನ್‌ಶಿಪ್ಸ್, ಸಬ್ಜೆಕ್ಟ್, ಅದರ ಕೆಳಗೆ ಟಾಸ್ಕ್ ಸಬ್ಜೆಕ್ಟ್ ಪಿಕ್‌ಲಿಸ್ಟ್ ವ್ಯಾಲ್ಯೂಸ್. ಅದು ಮುಂದಿನ ಟಾಸ್ಕ್‌ಗಳಿಗೆ ಮಾತ್ರ. ಹಿಂದಿನವನ್ನು ದಾಖಲೆ ದಾಖಲೆಯಾಗಿಯೇ ತಿದ್ದಬೇಕು.

ತಿದ್ದುವ ಮೊದಲು ಎಣಿಸಿ. ಟಾಸ್ಕ್‌ಗಳ ವರದಿಯೊಂದನ್ನು ತಯಾರಿಸಿ, ಸಬ್ಜೆಕ್ಟ್ ಮೇಲೆ ಗುಂಪು ಮಾಡಿ, ಎಣಿಕೆಯ ಇಳಿಕೆ ಕ್ರಮದಲ್ಲಿ ಸಾರ್ಟ್ ಮಾಡಿ. ಇಳಿಕೆ ಕ್ರಮದಲ್ಲಿದ್ದರೆ ಮುಖ್ಯವಾದವು ಮೇಲೇ ಸಿಗುತ್ತವೆ, ಬಾಲದಲ್ಲಿ ಒಂದೊಂದೇ ಸಲ ಬಂದ ಹೆಸರುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಈ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ ಪಕ್ಕದ ಕಾಲಂನಲ್ಲಿ ‘ಹೊಸ ಹೆಸರು’ ಬರೆದುಕೊಂಡರೆ ಅದೇ ನಿಮ್ಮ ನಕ್ಷೆ. ಈ ಕೆಲಸವನ್ನು ಮಾರಾಟದ ಮುಖ್ಯಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ‘ಫಾಲೋಅಪ್’ ಅಂದರೆ ಕರೆಯೋ ಭೇಟಿಯೋ ಅವರಿಗೇ ಗೊತ್ತು, ಅಡ್ಮಿನ್ ಊಹಿಸಿ ಬರೆದರೆ ಲೆಕ್ಕ ಇನ್ನಷ್ಟು ತಪ್ಪುತ್ತದೆ.

ನಂತರ ಡೇಟಾ ಲೋಡರ್‌ನಲ್ಲಿ ಎಕ್ಸ್‌ಪೋರ್ಟ್. ಐಡಿ, ಸಬ್ಜೆಕ್ಟ್, ವಾಟ್ ಐಡಿ (ಟಾಸ್ಕ್ ಯಾವ ಅಕೌಂಟ್ ಥರದ ದಾಖಲೆಗೆ ಸೇರಿದ್ದು ಅನ್ನುವ ಗುರುತು) ಈ ಮೂರು ಕಾಲಂ ಸಾಕು. ಡ್ಯೂ ಡೇಟ್ ತರಲೇಬೇಡಿ. ಎಕ್ಸೆಲ್ ಅದನ್ನು ತನಗೆ ತೋಚಿದಂತೆ ದಿನ–ತಿಂಗಳು ಅದಲುಬದಲು ಮಾಡಿ, ನೀವು ಮರೆತು ಆ ಕಾಲಂ ಮ್ಯಾಪ್ ಮಾಡಿದರೆ ಹೆಸರಿನ ಜೊತೆ ತಾರೀಕೂ ಹಾಳು. ಷರತ್ತಿನಲ್ಲಿ ಈಸ್ ರಿಕರೆನ್ಸ್ ಫಾಲ್ಸ್ ಅಂತ ಹಾಕಿ. ಮರುಕಳಿಸುವ ಸರಣಿಯ ಪ್ರತಿ ಟಾಸ್ಕ್ ಬೇರೆ ಬೇರೆ ದಾಖಲೆ, ಒಂದನ್ನು ತಿದ್ದಿದರೆ ಉಳಿದವು ತಿದ್ದಿಕೊಳ್ಳುವುದಿಲ್ಲ. ಅವೆಲ್ಲ ಎಕ್ಸ್‌ಪೋರ್ಟ್ ಆದ ಸಿಎಸ್‌ವಿ ಕಡತದಲ್ಲಿ (ಕಾಮಾದಿಂದ ಬೇರ್ಪಡಿಸಿದ ಪಠ್ಯದ ಕೋಷ್ಟಕ) ಬರಬೇಕು, ಸರಣಿಯ ಮೂಲ ದಾಖಲೆ ಮಾತ್ರ ಹೊರಗಿರಲಿ.

ಈ ಕಡತವನ್ನು ತೆರೆಯುವ ಮುಂಚೆಯೇ ಒಂದು ಪ್ರತಿ ಬೇರೆ ಫೋಲ್ಡರ್‌ನಲ್ಲಿ ಇಡಿ. ಏನಾದರೂ ಎಡವಟ್ಟಾದರೆ ಅದನ್ನೇ ಮತ್ತೆ ಅಪ್‌ಡೇಟ್ ಮಾಡಿ ಹಿಂದಿನ ಸ್ಥಿತಿಗೆ ಬರಬಹುದು. ಡೇಟಾ ಲೋಡರ್‌ನಲ್ಲಿ ಅನ್‌ಡೂ ಇಲ್ಲ.

ಐಡಿಯ ವಿಷಯದಲ್ಲಿ ಒಂದು ಎಚ್ಚರ. ರಿಪೋರ್ಟ್‌ನಿಂದ ತೆಗೆದರೆ ಐಡಿ 15 ಅಕ್ಷರದ್ದು, ಡೇಟಾ ಲೋಡರ್‌ನಿಂದ ತೆಗೆದರೆ 18. ಹದಿನೈದರದ್ದರಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ ಅಂತ ಲೆಕ್ಕ. ಎಕ್ಸೆಲ್‌ನ ವಿಲುಕಪ್ ಆ ವ್ಯತ್ಯಾಸ ನೋಡುವುದೇ ಇಲ್ಲ, ಹಾಗಾಗಿ ಒಂದು ಟಾಸ್ಕ್‌ನ ಹೆಸರು ಇನ್ನೊಂದಕ್ಕೆ ಹೋಗಿ ಕೂರಬಹುದು, ಎರರ್ ಕೂಡ ಬರುವುದಿಲ್ಲ. 18ರದ್ದನ್ನೇ ಬಳಸಿ.

ಅಪ್‌ಡೇಟ್ ಮಾಡುವಾಗ ಐಡಿ ಮತ್ತು ಸಬ್ಜೆಕ್ಟ್ ಎರಡನ್ನೇ ಮ್ಯಾಪ್ ಮಾಡಿ. ಮೊದಲು 5 ಸಾಲಿನ ಕಡತ, ಕಣ್ಣಾರೆ ನೋಡಿ, ಆಮೇಲೆ ಉಳಿದದ್ದು. ಬ್ಯಾಚ್ 200 ಇದ್ದರೆ 6,000ಕ್ಕೆ 30 ಬ್ಯಾಚ್. ಬಲ್ಕ್ ಎಪಿಐ (ಹಲವು ಬ್ಯಾಚ್ ಏಕಕಾಲಕ್ಕೆ ಓಡಿಸುವ ಆಯ್ಕೆ) ಆನ್ ಮಾಡಿದ್ದರೆ ಸೀರಿಯಲ್ ಮೋಡ್ (ಒಂದಾದ ಮೇಲೊಂದು) ಟಿಕ್ ಮಾಡಿ, ಸಿಎಸ್‌ವಿಯನ್ನು ವಾಟ್ ಐಡಿ ಪ್ರಕಾರ ಸಾರ್ಟ್ ಮಾಡಿ. ಇಲ್ಲವಾದರೆ ಒಂದೇ ಅಕೌಂಟಿನ ಟಾಸ್ಕ್‌ಗಳು ಎರಡು ಬ್ಯಾಚಿನಲ್ಲಿ ಏಕಕಾಲಕ್ಕೆ ಓಡಿ ‘ಅನ್‌ಏಬಲ್ ಟು ಲಾಕ್ ರೋ’ (ದಾಖಲೆಗೆ ಬೀಗ ಹಾಕಲಾಗಲಿಲ್ಲ) ಅನ್ನುವ ಎರರ್ ಬರುವ ಸಾಧ್ಯತೆ ಇದೆ. ಟಾಸ್ಕ್ ಮೇಲೆ ಇರುವ ಫ್ಲೋ, ಟ್ರಿಗರ್ (ಸೇವ್ ಆದಾಗ ತಾವಾಗಿ ಓಡುವ ಕೆಲಸಗಳು) ಎಲ್ಲ ಪ್ರತಿ ಸಾಲಿಗೂ ಓಡುತ್ತವೆ, ಲಾಸ್ಟ್ ಮಾಡಿಫೈಡ್ ತಾರೀಕೂ ಇವತ್ತಿನದಾಗುತ್ತದೆ. ಆ ತಾರೀಕಿನ ಮೇಲೆ ನಿಂತ ವರದಿ ಇದ್ದರೆ ಮುಂಚೆಯೇ ತಿಳಿಸಿಬಿಡಿ.

ನಿಮ್ಮ ಲೆಕ್ಕಕ್ಕಿಂತ ಕಡಿಮೆ ಟಾಸ್ಕ್ ಬಂದರೆ ಗಾಬರಿ ಬೇಡ. ಮುಗಿದ ಟಾಸ್ಕ್‌ನ ಡ್ಯೂ ಡೇಟ್ 365 ದಿನ ದಾಟಿದ್ದರೆ ಅದು ಆರ್ಕೈವ್ ಆಗಿರುತ್ತದೆ, ಮಾಮೂಲಿ ಎಕ್ಸ್‌ಪೋರ್ಟ್‌ನಲ್ಲಿ ಬರುವುದಿಲ್ಲ. ಎಕ್ಸ್‌ಪೋರ್ಟ್ ಆಲ್ ಬೇಕು, ಆದರೆ ಅದು ಅಳಿಸಿದ್ದನ್ನೂ ತರುತ್ತದೆ, ಈಸ್ ಡಿಲೀಟೆಡ್ ಫಾಲ್ಸ್ ಅಂತ ಷರತ್ತು ಸೇರಿಸಿ. ನನ್ನ ಅಭಿಪ್ರಾಯ ಕೇಳಿದರೆ, ಒಂದು ವರ್ಷ ದಾಟಿದ ಮುಗಿದ ಟಾಸ್ಕ್‌ಗಳ ಹೆಸರು ಮುಟ್ಟುವುದೇ ಬೇಡ. ಯಾವ ವರದಿಗೂ ಅದು ಬೇಕಾಗುವುದಿಲ್ಲ.

---

ಅಕ್ಷರಶೋಧ

ಮೂರನೆಯ ಪ್ರಶ್ನೆಗೆ. ನಿಮ್ಮ ಪ್ರಶ್ನಾರ್ಥಕ ಚಿಹ್ನೆಗಳು ಬಹುಶಃ ಡೇಟಾ ಲೋಡರ್‌ಗೆ ಬರುವ ಮೊದಲೇ ಹುಟ್ಟಿವೆ. ಎಕ್ಸೆಲ್‌ನಲ್ಲಿ ಸೇವ್ ಆ್ಯಸ್ ಒತ್ತಿದಾಗ ಸಿಎಸ್‌ವಿ ಅಂತ ಎರಡು ಮೂರು ಆಯ್ಕೆ ಕಾಣುತ್ತವೆ. ಬರೀ ‘ಸಿಎಸ್‌ವಿ ಕಾಮಾ ಡಿಲಿಮಿಟೆಡ್’ ಆರಿಸಿದರೆ ವಿಂಡೋಸ್‌ನ ಹಳೆಯ ಸಂಕೇತಪಟ್ಟಿಯಲ್ಲಿ ಸೇವ್ ಆಗುತ್ತದೆ, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ, ಪ್ರತಿ ಸಂಕೇತದ ಬದಲು ಒಂದು ಪ್ರಶ್ನಾರ್ಥಕ. ಕನ್ನಡವನ್ನೂ ಹಿಡಿಯುವ ‘ಸಿಎಸ್‌ವಿ ಯುಟಿಎಫ್-8’ ಆರಿಸಬೇಕು. ಡೇಟಾ ಲೋಡರ್‌ನ ಸೆಟ್ಟಿಂಗ್ಸ್‌ನಲ್ಲೂ ಸಿಎಸ್‌ವಿಯನ್ನು ಯುಟಿಎಫ್-8ರಲ್ಲಿ ಓದು, ಯುಟಿಎಫ್-8ರಲ್ಲಿ ಬರೆ ಅನ್ನುವ ಎರಡು ಟಿಕ್ ಇವೆ, ಎರಡನ್ನೂ ಹಾಕಿ. ಕಡತ ತೆರೆಯುವಾಗಲೂ ಡಬಲ್ ಕ್ಲಿಕ್ ಮಾಡಬೇಡಿ. ಎಕ್ಸೆಲ್‌ನ ಡೇಟಾ ಟ್ಯಾಬ್‌ನಿಂದ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ, ಫೈಲ್ ಒರಿಜಿನ್‌ನಲ್ಲಿ 65001 ಯೂನಿಕೋಡ್ ಆರಿಸಿ.

ಒಮ್ಮೆ ಪ್ರಶ್ನಾರ್ಥಕ ಸೇವ್ ಆದರೆ ಅದರಿಂದ ಮೂಲ ಅಕ್ಷರ ಹಿಂದೆ ಬರುವುದಿಲ್ಲ. ಆ ಹತ್ತು ಟಾಸ್ಕ್‌ಗೆ ಮೂಲ ಎಕ್ಸ್‌ಪೋರ್ಟ್ ಕಡತದಿಂದಲೇ ಹಾಕಬೇಕು.

ಇನ್ನು ಕಣ್ಣಿಗೆ ಕಾಣದ ತೊಂದರೆ. ಇಬ್ಬರು ‘ಕಾಲ್’ ಅಂತ ಟೈಪ್ ಮಾಡಿದ್ದಾರೆ ಅಂದುಕೊಳ್ಳಿ. ಪರದೆಯ ಮೇಲೆ ಎರಡೂ ಒಂದೇ. ಎಕ್ಸೆಲ್‌ನಲ್ಲಿ ಲೆನ್ ಹಾಕಿ ನೋಡಿದರೆ ಒಂದಕ್ಕೆ 4, ಇನ್ನೊಂದಕ್ಕೆ 5. ಕ, ದೀರ್ಘ, ಲ, ವಿರಾಮ ಇವು ನಾಲ್ಕು. ಐದನೆಯದು ಕೆಲವು ಕೀಬೋರ್ಡ್‌ಗಳು ಪದದ ಕೊನೆಯ ಅರ್ಧಾಕ್ಷರದ ಬೆನ್ನಿಗೆ ಸೇರಿಸುವ ಅಗಲವಿಲ್ಲದ ಸಂಕೇತ, ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 8204. ಅದು ಸೇರಿಕೊಂಡರೆ ಹೋಲಿಕೆಯಲ್ಲಿ ಎರಡು ಹೆಸರು ಬೇರೆ ಬೇರೆ. ಎಕ್ಸೆಲ್‌ನ ಎಕ್ಸಾಕ್ಟ್ ಫಂಕ್ಷನ್ ಫಾಲ್ಸ್ ಅಂದರೆ ಇದೇ ಕಾರಣ ಇರುತ್ತದೆ, ಇಲ್ಲವೇ ಕೊನೆಯಲ್ಲೊಂದು ಖಾಲಿ ಜಾಗ.

ಸಬ್‌ಸ್ಟಿಟ್ಯೂಟ್ ಮತ್ತು ಯೂನಿಕ್ಯಾರ್ 8204 ಸೇರಿಸಿ ಅದನ್ನು ತೆಗೆಯಬಹುದು. ಆದರೆ ಎಲ್ಲೆಡೆ ತೆಗೆಯಬೇಡಿ. ‘ಸಾಫ್ಟ್‌ವೇರ್’ ಪದದ ನಡುವೆ ಅದು ಇದ್ದೇ ಇರಬೇಕು, ತೆಗೆದರೆ ವ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ. ಪದದ ಕೊನೆಯಲ್ಲಿ, ಅಂದರೆ ಖಾಲಿ ಜಾಗದ ಮುಂಚೆ ಅಥವಾ ಹೆಸರಿನ ತುದಿಯಲ್ಲಿ ಇರುವುದನ್ನು ಮಾತ್ರ ತೆಗೆಯಿರಿ. 8205 ಸಂಖ್ಯೆಯ ಇನ್ನೊಂದು ಸಂಕೇತ ಇದೆ, ‘ರ‍್ಯಾಲಿ’ ಥರದ ಪದದಲ್ಲಿ ರ ಪೂರ್ತಿ ಕಾಣಲು ಅದು ಬೇಕು. ಅದನ್ನು ಮುಟ್ಟಲೇಬೇಡಿ.

255ರ ಮಿತಿಯೂ ಇದೇ ಸಂಕೇತಗಳ ಲೆಕ್ಕ. ‘ಕ್ಷೇತ್ರ’ ನಮ್ಮ ಕಣ್ಣಿಗೆ ಎರಡು ಅಕ್ಷರ, ಕಂಪ್ಯೂಟರ್‌ಗೆ ಏಳು. ಉದ್ದದ ಕನ್ನಡ ವಾಕ್ಯವನ್ನು ಸಬ್ಜೆಕ್ಟ್‌ಗೆ ತುಂಬುವವರಿದ್ದರೆ ಕಾಮೆಂಟ್ಸ್‌ನಲ್ಲಿ ಬರೆಯಲು ಹೇಳಿ, ಅಲ್ಲಿ 32,000 ಹಿಡಿಯುತ್ತದೆ. ಆದರೆ ಕಾಮೆಂಟ್ಸ್ ಮೇಲೆ ಕ್ವೆರಿಯಲ್ಲಿ (ದಾಖಲೆ ಹುಡುಕುವ ಆದೇಶ) ಷರತ್ತು ಹಾಕಲಾಗದು, ಲೆಕ್ಕಕ್ಕೆ ಬೇಕಾದ ಪದ ಅಲ್ಲಿ ಅಡಗಬಾರದು.

ಕನ್ನಡದಲ್ಲಿ ಹೆಸರು ಇಡುವುದು ಬೇಡ ಅನ್ನುತ್ತಿಲ್ಲ. ಹೊಲದ ಬದುವಿನಲ್ಲಿ ನಿಂತು ಫೋನ್ ನೋಡುವವರಿಗೆ ‘ಬೆಲೆಪಟ್ಟಿ ಕಳುಹಿಸಿ’ ಅಂತ ಇದ್ದರೆ ಎಷ್ಟು ಅನುಕೂಲ! ಅದು ಪಟ್ಟಿಯಿಂದ ಆರಿಸುವಂತಿರಲಿ, ಕೈಯಿಂದ ಬರೆಯುವಂತಿರದಿರಲಿ ಅಷ್ಟೆ.

---

ಹೊಸಅಡ್ಮಿನ್_ಹುಬ್ಬಳ್ಳಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸೇವ್ ಆ್ಯಸ್‌ನಲ್ಲೇ ತಪ್ಪಿತ್ತು, ಯುಟಿಎಫ್-8 ಆರಿಸಿದ ಮೇಲೆ ಸರಿಯಾಯಿತು. ಎರಡನೆಯ ಪ್ರಶ್ನೆಗೆ ಸ್ಯಾಂಡ್‌ಬಾಕ್ಸ್‌ನಲ್ಲಿ (ಪರೀಕ್ಷೆಗೆ ಇರುವ ನಕಲು) ವ್ಯಾಲಿಡೇಶನ್ ರೂಲ್ (ಸೇವ್ ಮಾಡುವಾಗ ತಪ್ಪು ತಡೆಯುವ ನಿಯಮ) ಹಾಕಿ ನೋಡಿದೆ: ಸಬ್ಜೆಕ್ಟ್ ಆರು ಹೆಸರುಗಳಲ್ಲಿ ಒಂದಲ್ಲದಿದ್ದರೆ ಎರರ್. ಈಗ ಹಳೆಯ ಟಾಸ್ಕ್ ಮುಗಿಸಲು ಹೋದರೂ ಎರರ್, ಕಳುಹಿಸಿದ ಇಮೇಲ್ ಟೈಮ್‌ಲೈನ್‌ನಲ್ಲಿ ದಾಖಲಾಗುತ್ತಲೂ ಇಲ್ಲ.

---

ಫ್ಲೋ_ಮೇಜು

ಎರಡೂ ನಿರೀಕ್ಷಿತವೇ. ರೂಲ್ ಪ್ರತಿ ಸೇವ್‌ಗೂ ಓಡುತ್ತದೆ. ಹಳೆಯ ಟಾಸ್ಕ್‌ನ ಸ್ಟೇಟಸ್ ಬದಲಿಸಿದಾಗಲೂ ಅದು ಸಬ್ಜೆಕ್ಟ್ ನೋಡಿ ತಡೆಯುತ್ತದೆ. ಸೂತ್ರದ ಮೊದಲ ತುಂಡಾಗಿ ‘ಈಸ್ ನ್ಯೂ ಅಥವಾ ಸಬ್ಜೆಕ್ಟ್ ಮೇಲೆ ಈಸ್ ಚೇಂಜ್ಡ್’ ಅನ್ನುವುದನ್ನು ಆ್ಯಂಡ್‌ನೊಳಗೆ ಸೇರಿಸಿ. ಆಗ ಹೊಸ ಟಾಸ್ಕ್ ಮತ್ತು ಹೆಸರು ತಿದ್ದಿದ ಟಾಸ್ಕ್ ಮಾತ್ರ ಪರೀಕ್ಷೆಗೆ ಒಳಪಡುತ್ತವೆ.

ಇಮೇಲ್ ವಿಷಯ: ಕಳುಹಿಸಿದ ಇಮೇಲ್ ದಾಖಲಾಗುವುದು ಟಾಸ್ಕ್ ಆಗಿಯೇ, ಹೆಸರು ‘ಇಮೇಲ್:’ ಅಂತ ಶುರುವಾಗುತ್ತದೆ. ಲಿಸ್ಟ್ ಇಮೇಲ್ ಆದರೆ ‘ಲಿಸ್ಟ್ ಇಮೇಲ್:’. ಫೋನ್ ಜೋಡಣೆ ಇದ್ದರೆ ಅದೂ ತನ್ನದೇ ಹೆಸರು ಹಾಕುತ್ತದೆ, ಸಾಮಾನ್ಯವಾಗಿ ‘ಕಾಲ್’ ಜೊತೆ ದಿನಾಂಕ, ಸಮಯ. ಇವನ್ನೆಲ್ಲ ನಾಟ್ ಮತ್ತು ಬಿಗಿನ್ಸ್ ಹಾಕಿ ಹೊರಗಿಡಬೇಕು. ಬಿಗಿನ್ಸ್ ಇಂಗ್ಲಿಷ್‌ನ ದೊಡ್ಡಕ್ಷರ ಚಿಕ್ಕಕ್ಷರ ನೋಡುತ್ತದೆ, ಆದ್ದರಿಂದ ಸಬ್ಜೆಕ್ಟ್ ಅನ್ನು ಲೋವರ್ ಒಳಗೆ ಹಾಕಿ ಚಿಕ್ಕಕ್ಷರದಲ್ಲೇ ಹೋಲಿಸಿ. ಕೊನೆಗೆ ಒಂದು ಕಸ್ಟಮ್ ಪರ್ಮಿಶನ್ ಮಾಡಿ, ಅದು ಇರುವವರಿಗೆ ರೂಲ್ ಬಿಡುವಂತೆ ಸೂತ್ರದಲ್ಲಿ ಡಾಲರ್ ಪರ್ಮಿಶನ್ ಮೂಲಕ ಸೇರಿಸಿ. ಜೋಡಣೆಗಳ ಬಳಕೆದಾರರಿಗೆ, ಡೇಟಾ ಲೋಡರ್ ಓಡಿಸುವ ನಿಮಗೆ ಆ ಪರ್ಮಿಶನ್ ಕೊಡಿ.

ಇಷ್ಟು ಹೇಳಿದ ಮೇಲೂ, ಈ ರೂಲ್ ಹಾಕಬೇಡಿ ಅಂತಲೇ ನನ್ನ ಸಲಹೆ. ನಿಮಗೆ ಬೇಕಿರುವುದು ಎಣಿಕೆ. ಎಣಿಕೆಗೆ ಟೈಪ್ ಅನ್ನುವ ಫೀಲ್ಡ್ ಟಾಸ್ಕ್‌ನಲ್ಲೇ ಇದೆ, ಅದು ನಿಜವಾದ ಪಿಕ್‌ಲಿಸ್ಟ್, ಪರದೆಯಲ್ಲಿ ಅದರಲ್ಲಿ ಕೈಯಿಂದ ಬರೆಯಲಾಗುವುದಿಲ್ಲ. ಕರೆ, ಭೇಟಿ, ಡೆಮೊ, ಬೆಲೆಪಟ್ಟಿ, ಹಣ ವಸೂಲಿ, ಇತರೆ ಅಂತ ಆರು ಮೌಲ್ಯ ಅದಕ್ಕೆ ಕೊಡಿ. ಪೇಜ್ ಲೇಔಟ್‌ನಲ್ಲಿ ಅದನ್ನು ಕಡ್ಡಾಯ ಮಾಡಿ, ವರದಿಯನ್ನು ಅದರ ಮೇಲೆ ಗುಂಪು ಮಾಡಿ. ಸಬ್ಜೆಕ್ಟ್ ಮನುಷ್ಯರು ಓದುವುದಕ್ಕೆ ಇರಲಿ. ‘ಭೇಟಿ’ ಅಂತ 400 ಟಾಸ್ಕ್ ಒಂದರ ಕೆಳಗೊಂದು ಇದ್ದರೆ ಸೇಲ್ಸ್‌ನವರಿಗೆ ಯಾವುದು ಯಾವುದೋ ತಿಳಿಯುವುದೇ ಇಲ್ಲ. ಬಿಗಿ ಮಾಡಿದಷ್ಟೂ ಅವರು ಮೊದಲ ಮೌಲ್ಯ ಒತ್ತಿ ಮುಂದೆ ಹೋಗುತ್ತಾರೆ, ಲೆಕ್ಕ ಮತ್ತೆ ಸುಳ್ಳು.

ಟೈಪ್‌ಗೆ ಹೊಸ ಮೌಲ್ಯ ಸೇರಿಸುವಾಗ, ಟಾಸ್ಕ್‌ಗೆ ರೆಕಾರ್ಡ್ ಟೈಪ್‌ಗಳಿದ್ದರೆ (ಟಾಸ್ಕ್‌ನ ಬೇರೆ ಬೇರೆ ವಿಧ) ಯಾವುದಕ್ಕೆ ಬೇಕೋ ಅದನ್ನು ಟಿಕ್ ಮಾಡಿ. ಮರೆತರೆ ನಿಮಗೆ ಸೆಟಪ್‌ನಲ್ಲಿ ಕಾಣುತ್ತದೆ, ಬಳಕೆದಾರರಿಗೆ ಕಾಣುವುದಿಲ್ಲ. ಲಾಗ್ ಎ ಕಾಲ್ ಬಟನ್‌ನ ಲೇಔಟ್ ಬೇರೆ: ಸೆಟಪ್‌ನಲ್ಲಿ ಗ್ಲೋಬಲ್ ಆ್ಯಕ್ಷನ್ಸ್, ಲಾಗ್ ಎ ಕಾಲ್, ಪ್ರಿಡಿಫೈನ್ಡ್ ಫೀಲ್ಡ್ ವ್ಯಾಲ್ಯೂಸ್. ಅಲ್ಲಿ ಸಬ್ಜೆಕ್ಟ್‌ಗೆ ‘ಕಾಲ್’ ಅಂತ ಮೊದಲೇ ತುಂಬಿರುತ್ತದೆ. ನೀವು ಪಟ್ಟಿಯಲ್ಲಿ ಎಷ್ಟು ತಿದ್ದಿದರೂ ಆ ಬಟನ್ ಹಳೆಯ ‘ಕಾಲ್’ ಅನ್ನೇ ಬರೆಯುತ್ತದೆ. ಅಲ್ಲೇ ಟೈಪ್‌ಗೂ ‘ಕರೆ’ ಅಂತ ಮುಂಚಿತ ಮೌಲ್ಯ ಕೊಟ್ಟರೆ ಒಂದು ಒತ್ತು ಉಳಿಯುತ್ತದೆ.

ಹೆಸರು ಒಂದೇ ಕ್ರಮದಲ್ಲಿ ಬೇಕೇ ಬೇಕು ಅನ್ನುವುದಾದರೆ ತಡೆಯುವ ಬದಲು ತುಂಬಿಸಿಕೊಡಿ. ಟಾಸ್ಕ್ ಮೇಲೆ ರೆಕಾರ್ಡ್ ಟ್ರಿಗರ್ಡ್ ಫ್ಲೋ, ಫಾಸ್ಟ್ ಫೀಲ್ಡ್ ಅಪ್‌ಡೇಟ್ಸ್ ಆಯ್ಕೆ (ಸೇವ್ ಆಗುವ ಮೊದಲೇ ಓಡುತ್ತದೆ), ದಾಖಲೆ ಸೃಷ್ಟಿಯಾದಾಗ ಮಾತ್ರ. ಮೊದಲ ಡಿಸಿಷನ್‌ನಲ್ಲಿ ‘ಇಮೇಲ್:’ ಮತ್ತು ‘ಲಿಸ್ಟ್ ಇಮೇಲ್:’ ಹೆಸರುಗಳನ್ನು ಹೊರಗೆ ಕಳುಹಿಸಿ. ನಂತರ ವಾಟ್ ಐಡಿ ನೋಡಬೇಕು. ಅದು ಅಕೌಂಟೂ (ಗ್ರಾಹಕರು) ಇರಬಹುದು, ಆಪರ್ಚುನಿಟಿಯೂ (ಕುದುರಬೇಕಾದ ವ್ಯಾಪಾರ) ಇರಬಹುದು. ಐಡಿಯ ಮೊದಲ ಮೂರು ಅಂಕಿ 001 ಇದ್ದರೆ ಅಕೌಂಟ್, 006 ಇದ್ದರೆ ಆಪರ್ಚುನಿಟಿ, 500 ಇದ್ದರೆ ಕೇಸ್. ಅದರ ಪ್ರಕಾರ ಗೆಟ್ ರೆಕಾರ್ಡ್ಸ್ ಮಾಡಿ ಹೆಸರು ತೆಗೆದು, ಟೈಪ್, ಒಂದು ಅಡ್ಡಗೆರೆ, ಗ್ರಾಹಕರ ಹೆಸರು ಜೋಡಿಸಿ ಸಬ್ಜೆಕ್ಟ್‌ಗೆ ಹಾಕಿ. ಜೋಡಿಸಿದ್ದನ್ನು ಲೆಫ್ಟ್ ಫಂಕ್ಷನ್‌ನಿಂದ 255ಕ್ಕೆ ಕತ್ತರಿಸಿ, ಇಲ್ಲದಿದ್ದರೆ ಉದ್ದ ಹೆಸರಿನ ಒಬ್ಬ ಗ್ರಾಹಕರ ಮೇಲೆ ಸೇವ್ ನಿಂತುಹೋಗುತ್ತದೆ. ವಾಟ್ ಐಡಿ ಖಾಲಿ ಇರುವ ಟಾಸ್ಕ್ ಕೂಡ ಬರುತ್ತದೆ, ಲೀಡ್ (ಇನ್ನೂ ಗ್ರಾಹಕರಾಗದವರು) ಮೇಲೆ ಮಾಡಿದ್ದರೆ ಹೂ ಐಡಿ (ವ್ಯಕ್ತಿಯ ಗುರುತು) ಮಾತ್ರ ಇರುತ್ತದೆ. ಆ ದಾರಿಗೂ ಉತ್ತರ ಇಟ್ಟಿರಿ.

ಈ ಫ್ಲೋ ವ್ಯಾಲಿಡೇಶನ್ ರೂಲ್‌ಗಿಂತ ಮೊದಲು ಓಡುತ್ತದೆ. ಎರಡನ್ನೂ ಇಟ್ಟುಕೊಂಡರೂ ರೂಲ್ ನೋಡುವುದು ಫ್ಲೋ ಸರಿಪಡಿಸಿದ ಹೆಸರನ್ನೇ.

---

ಸಿಎಸ್‌ವಿ_ಕೈಪಿಡಿ

ಫ್ಲೋ ಬಗ್ಗೆ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ, ಒಂದು ವಿಷಯ ಬಿಟ್ಟು. ಸಬ್ಜೆಕ್ಟ್ ಅನ್ನು ಪೂರ್ತಿ ಅಳಿಸಿ ಬರೆಯಬೇಡಿ. ‘ಪಂಪ್ ಸೆಟ್ ಸೀಲ್ ಸೋರಿಕೆ, ಮೆಕ್ಯಾನಿಕ್ ಬೇಕು’ ಅಂತ ಒಬ್ಬರು ಬರೆದಿದ್ದರೆ ಆ ಮಾತೇ ಮುಖ್ಯ. ಸಬ್ಜೆಕ್ಟ್ ಖಾಲಿ ಇದ್ದಾಗ ಅಥವಾ ಪಟ್ಟಿಯ ಮೌಲ್ಯವೇ ಇದ್ದಾಗ ಮಾತ್ರ ಫ್ಲೋ ತುಂಬಲಿ.

ಇನ್ನೊಂದು ಜಾಗ ಯಾರೂ ಹೇಳಲಿಲ್ಲ. ಟಾಸ್ಕ್‌ಗಳನ್ನು ಜನ ಮಾತ್ರ ಮಾಡುವುದಿಲ್ಲ. ಹಳೆಯ ವರ್ಕ್‌ಫ್ಲೋ ರೂಲ್, ಪ್ರೋಸೆಸ್ ಬಿಲ್ಡರ್, ಫ್ಲೋಗಳೊಳಗೆ ಟಾಸ್ಕ್ ಹೆಸರು ಕೈಯಾರೆ ಬರೆದಿಟ್ಟಿರುತ್ತಾರೆ. ವರ್ಕ್‌ಫ್ಲೋ ರೂಲ್ ಮತ್ತು ಪ್ರೋಸೆಸ್ ಬಿಲ್ಡರ್‌ಗೆ ಬೆಂಬಲ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ, ಆದರೆ ಆ್ಯಕ್ಟಿವ್ ಇರುವವು ಓಡುತ್ತಲೇ ಇರುತ್ತವೆ. ಎಣಿಕೆಯ ಪಟ್ಟಿಯಲ್ಲಿ ನೂರಾರು ಸಲ ಒಂದಕ್ಷರ ವ್ಯತ್ಯಾಸವಿಲ್ಲದೆ ಬಂದ, ಪಟ್ಟಿಯಲ್ಲಿ ಇಲ್ಲದ ಹೆಸರು ಕಂಡರೆ ಅದು ಯಂತ್ರ ಬರೆದದ್ದು ಅಂತ ಅನುಮಾನಿಸಿ. ಮೂಲವನ್ನು ತಿದ್ದದೆ ದಾಖಲೆ ತಿದ್ದಿದರೆ ಮಾರನೇ ದಿನವೇ ಹಳೆಯ ಹೆಸರು ವಾಪಸ್.

---

ವರದಿ_ಕಟ್ಟೆ

6,000 ತಿದ್ದುವ ಮೊದಲು ವರದಿ ಮತ್ತು ಲಿಸ್ಟ್ ವ್ಯೂಗಳ ಫಿಲ್ಟರ್ ತೆರೆದು ನೋಡಿ. ‘ಸಬ್ಜೆಕ್ಟ್ ಈಕ್ವಲ್ಸ್ ಕಾಲ್’ ಅಂತ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅಪ್‌ಡೇಟ್ ಆದ ಮರುಕ್ಷಣ ಸೊನ್ನೆ ಕಾಣುತ್ತದೆ. ಆಮೇಲೆ ಡ್ಯಾಶ್‌ಬೋರ್ಡ್ ನೋಡಿದವರು ಟಾಸ್ಕ್‌ಗಳೇ ಅಳಿಸಿಹೋಗಿವೆ ಅಂತ ಫೋನ್ ಮಾಡುತ್ತಾರೆ. ಫಿಲ್ಟರ್ ಅನ್ನು ಟೈಪ್‌ಗೆ ಬದಲಿಸುವುದಾದರೆ, ಹಳೆಯ ಟಾಸ್ಕ್‌ಗಳಿಗೂ ಟೈಪ್ ತುಂಬಬೇಕು. ಅದೇ ಸಿಎಸ್‌ವಿಯಲ್ಲಿ ಮೂರನೇ ಕಾಲಂ ಆಗಿ ಸೇರಿಸಿಬಿಡಿ, ಎರಡು ಸಲ ಓಡಿಸುವ ಕೆಲಸ ತಪ್ಪುತ್ತದೆ.

ಹೆಸರಿನಲ್ಲಿ ಕಾಮಾ ಇಡಬೇಡಿ. ವರದಿಯ ಫಿಲ್ಟರ್‌ನಲ್ಲಿ ಕಾಮಾ ಅಂದರೆ ‘ಅಥವಾ’. ‘ಭೇಟಿ, ಡೆಮೊ’ ಅಂತ ಹಾಕಿದರೆ ಅದು ಭೇಟಿ ಅಥವಾ ಡೆಮೊ ಹುಡುಕುತ್ತದೆ. ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಸರಿಹೋಗುತ್ತದೆ, ಆದರೆ ಅದನ್ನು ನೆನಪಿಟ್ಟುಕೊಳ್ಳುವವರು ಕಡಿಮೆ. ಅಡ್ಡಗೆರೆ ಬಳಸಿ.

ಫೋನಿನ ಪರದೆಯಲ್ಲಿ ಹೆಸರಿನ ಮೊದಲ ಕೆಲವು ಅಕ್ಷರ ಮಾತ್ರ ಕಾಣುತ್ತವೆ. ‘ಫಾಲೋಅಪ್ ಮಾಡುವುದು ಬೆಲೆಪಟ್ಟಿ ಬಗ್ಗೆ’ ಅನ್ನುವುದಕ್ಕಿಂತ ‘ಬೆಲೆಪಟ್ಟಿ - ಫಾಲೋಅಪ್’ ಒಳ್ಳೆಯದು. ವ್ಯತ್ಯಾಸ ಮಾಡುವ ಪದ ಮೊದಲು ಬರಲಿ.

ಸ್ಯಾಂಡ್‌ಬಾಕ್ಸ್‌ನಲ್ಲಿ ನೋಡುವಾಗ, ಅದು ಡೆವಲಪರ್ ಸ್ಯಾಂಡ್‌ಬಾಕ್ಸ್ ಆದರೆ ನಿಮ್ಮ ಟಾಸ್ಕ್‌ಗಳು ಅದರಲ್ಲಿ ಬಂದಿರುವುದಿಲ್ಲ, ಸೆಟಪ್ ಮಾತ್ರ ಬರುತ್ತದೆ. ಕೈಯಿಂದ ಇಪ್ಪತ್ತು ಟಾಸ್ಕ್ ಮಾಡಿ: ಕನ್ನಡದ ಹೆಸರಿನದು ಎರಡು, ಮರುಕಳಿಸುವ ಸರಣಿ ಒಂದು, ಲೀಡ್ ಮೇಲಿನದು ಒಂದು, ಮುಗಿದದ್ದು ಒಂದೆರಡು, ಇಮೇಲ್ ಕಳುಹಿಸಿ ದಾಖಲಾದದ್ದು ಒಂದು. ಅಡ್ಮಿನ್ ಖಾತೆಯಲ್ಲಿ ಅಲ್ಲ, ಸೇಲ್ಸ್ ಪ್ರೊಫೈಲ್‌ನ ಬಳಕೆದಾರರಾಗಿ ಲಾಗಿನ್ ಆಗಿ, ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ, ಮೊಬೈಲ್ ಆ್ಯಪ್‌ನಲ್ಲಿ ಒಮ್ಮೆ ಪ್ರತಿಯೊಂದನ್ನೂ ತೆರೆದು ಹೆಸರು ತಿದ್ದಿ ಸೇವ್ ಮಾಡಿ ನೋಡಿ.

---

ಹೊಸಅಡ್ಮಿನ್_ಹುಬ್ಬಳ್ಳಿ

ವ್ಯಾಲಿಡೇಶನ್ ರೂಲ್ ತೆಗೆದೆ. ಟೈಪ್‌ಗೆ ಆರು ಮೌಲ್ಯ ಹಾಕಿ ಲೇಔಟ್‌ನಲ್ಲಿ ಕಡ್ಡಾಯ ಮಾಡಿದ್ದೇನೆ. ಲಾಗ್ ಎ ಕಾಲ್ ಬಟನ್‌ನಲ್ಲಿ ಹಳೆಯ ‘ಕಾಲ್’ ನಿಜವಾಗಿಯೂ ಕೂತಿತ್ತು, ಅದನ್ನೂ ಬದಲಿಸಿದೆ. ಐದು ಸಾಲಿನ ಪರೀಕ್ಷೆ ಸರಿ ಬಂತು. ಇವತ್ತು ಸಂಜೆ ಎಲ್ಲರೂ ಲಾಗ್‌ಔಟ್ ಆದ ಮೇಲೆ, ಐಡಿ, ಸಬ್ಜೆಕ್ಟ್, ಟೈಪ್ ಮೂರೇ ಕಾಲಂ ಮ್ಯಾಪ್ ಮಾಡಿ, ಒಂದು ವರ್ಷದೊಳಗಿನವನ್ನಷ್ಟೇ ಓಡಿಸುತ್ತೇನೆ. ಎರರ್ ಕಡತದಲ್ಲಿ ಏನಾದರೂ ಬಂದರೆ ಆ ಸಾಲು ಇಲ್ಲೇ ಹಾಕುತ್ತೇನೆ.